ಓದುಗರ ಪ್ರಶ್ನೆ, ವೈದ್ಯರ ಉತ್ತರ: ಉಸಿರಾಟದ ಅಭ್ಯಾಸದಿಂದ ಏನು ಲಾಭ, ಎಲ್ಲಿ ಎಚ್ಚರ?

ಕಳೆದ ಎರಡು ತಿಂಗಳಲ್ಲಿ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಉಸಿರಾಟದ ಅಭ್ಯಾಸವನ್ನು ಕುರಿತವೇ ಹೆಚ್ಚಾಗಿದ್ದುದರಿಂದ ಈ ಬಾರಿಯ ಪುಟಗಳನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇನೆ. ಮೈಸೂರಿನಲ್ಲಿ ಎದೆರೋಗದ ವೈದ್ಯನಾಗಿರುವ ನಾನು ಬೆಳಗಿನ ಹೊತ್ತು ಪ್ರಾಣಾಯಾಮ ಮಾಡುವವನೂ ಹೌದು. ಆದ್ದರಿಂದ ಈ ವಿಷಯವನ್ನು ಎರಡೂ ಕಡೆಯಿಂದ ನೋಡಲು ನನಗೆ ಸಾಧ್ಯವಾಗಿದೆ. ಪತ್ರ ಬರೆದವರ ಹೆಸರುಗಳನ್ನು ಬಿಟ್ಟು, ಊರನ್ನಷ್ಟೇ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ನನಗೆ 66 ವರ್ಷ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಿಗ್ಗೆ ನಡೆಯಲು ಹೋದಾಗಲೆಲ್ಲ ಗುಂಪು ಗುಂಪಾಗಿ ಕುಳಿತು ಉಸಿರಾಟದ ಅಭ್ಯಾಸ ಮಾಡುವವರನ್ನು ನೋಡುತ್ತೇನೆ. ಗೋಕುಲಂನಲ್ಲಿ ವಿದೇಶಿಯರು ‘ಬ್ರೆತ್‌ವರ್ಕ್’ ತರಗತಿಗಳಿಗೆ ಹಣ ಕಟ್ಟಿ ಸೇರುತ್ತಿದ್ದಾರೆಂದು ನನ್ನ ಮಗ ಹೇಳುತ್ತಾನೆ. ಉಪನಯನವಾದ ದಿನದಿಂದ ಸಂಧ್ಯಾವಂದನೆಯಲ್ಲಿ ಮೂಗು ಹಿಡಿದು ಪ್ರಾಣಾಯಾಮ ಮಾಡಿಕೊಂಡು ಬಂದವನು ನಾನು. ಇದೂ ಅದೂ ಒಂದೆಯೇ? ಇದರಿಂದ ಆರೋಗ್ಯಕ್ಕೆ ಲಾಭವಿದೆ ಎನ್ನಲು ವಿಜ್ಞಾನದ ಆಧಾರವಿದೆಯೇ?
ನಿವೃತ್ತ ಶಿಕ್ಷಕರು, ಸರಸ್ವತಿಪುರಂ, ಮೈಸೂರು

ಉತ್ತರ: ತಾವು ಕೇಳಿರುವ ಎರಡು ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ‘ಬ್ರೆತ್‌ವರ್ಕ್’ ಎಂಬ ಹೆಸರಿನಡಿ ಇಂದು ಒಂದಕ್ಕೊಂದು ತೀರಾ ಬೇರೆಯಾದ, ಕೆಲವೊಮ್ಮೆ ವಿರುದ್ಧವೇ ಆದ ಅಭ್ಯಾಸಗಳು ಸೇರಿಕೊಂಡಿವೆ. ನಮ್ಮ ನಾಡಿಶೋಧನ, ಉಜ್ಜಾಯಿ, ಭ್ರಾಮರಿಗಳು ಅದರಲ್ಲಿವೆ. 1950ರ ದಶಕದಲ್ಲಿ ಸೋವಿಯತ್ ವೈದ್ಯ ಕಾನ್‌ಸ್ಟಾಂಟಿನ್ ಬುಟೇಕೊ ರೂಪಿಸಿದ, ಉಬ್ಬಸದ ರೋಗಿಗಳು ಉಸಿರನ್ನು ಬೇಕೆಂದೇ ತಗ್ಗಿಸಿಕೊಳ್ಳುವ ಕ್ರಮವಿದೆ. 1970ರ ದಶಕದಲ್ಲಿ ಮನೋವೈದ್ಯ ಸ್ಟಾನಿಸ್ಲಾವ್ ಗ್ರೋಫ್ ಮತ್ತು ಅವರ ಪತ್ನಿ ಅಮೆರಿಕದಲ್ಲಿ ಬೆಳೆಸಿದ, ಬಹಳ ಹೊತ್ತು ವೇಗವಾಗಿ ಉಸಿರಾಡಿ ಮನಸ್ಸನ್ನು ಬೇರೊಂದು ಸ್ಥಿತಿಗೆ ಒಯ್ಯುವ ಕ್ರಮವೂ ಇದೆ. ಸೊಪ್ಪು ತಿನ್ನಬಹುದೇ ಎಂದು ಯಾರಾದರೂ ಕೇಳಿದರೆ ಯಾವ ಸೊಪ್ಪು ಎಂದು ನಾವು ಮೊದಲು ವಿಚಾರಿಸುತ್ತೇವಲ್ಲ, ಇಲ್ಲಿಯೂ ಹಾಗೆಯೇ, ಅದು ಉಸಿರನ್ನು ನಿಧಾನಗೊಳಿಸುವ ಅಭ್ಯಾಸವೋ ವೇಗಗೊಳಿಸುವ ಅಭ್ಯಾಸವೋ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ದೇಹದ ಮೇಲೆ ಇವೆರಡರ ಪರಿಣಾಮವೂ ಬೇರೆ ಬೇರೆ.

ವಿದೇಶಿಯರು ಮೈಸೂರಿಗೇ ಏಕೆ ಬರುತ್ತಾರೆಂಬುದು ತಮಗೆ ತಿಳಿದ ಸಂಗತಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಪಾಠ ಹೇಳಿದರು. ಅವರಲ್ಲಿ ಕಲಿತ ಬಿ.ಕೆ.ಎಸ್. ಅಯ್ಯಂಗಾರ್ ಮತ್ತು ಪಟ್ಟಾಭಿ ಜೋಯಿಸರಿಂದ ಆ ವಿದ್ಯೆ ಹೊರದೇಶಗಳಿಗೆ ಹರಡಿತು. 2022ರ ಜೂನ್ 21ರಂದು ಅಂತರರಾಷ್ಟ್ರೀಯ ಯೋಗ ದಿನದ ಮುಖ್ಯ ಕಾರ್ಯಕ್ರಮ ನಮ್ಮ ಅರಮನೆಯ ಆವರಣದಲ್ಲೇ ನಡೆದದ್ದು ಊರಿನ ಉತ್ಸಾಹವನ್ನು ಹೆಚ್ಚಿಸಿರಬಹುದು. ಆದರೆ ಉಸಿರಾಟದ ಅಭ್ಯಾಸ ಇಷ್ಟು ಜನಪ್ರಿಯವಾಗಲು ಅದಕ್ಕಿಂತ ದೊಡ್ಡ ಕಾರಣ ಕೊರೊನಾ ಎಂದು ನನ್ನ ಅಭಿಪ್ರಾಯ. 2020 ಮತ್ತು 2021ರಲ್ಲಿ ಉಸಿರು ಎಂಬುದು ಪ್ರತಿ ಮನೆಯ ಚಿಂತೆಯಾಯಿತು. ಅಭ್ಯಾಸಕ್ಕೆ ಸಲಕರಣೆ ಬೇಡ, ಜಾಗ ಬೇಡ, ಐದು ನಿಮಿಷ ಕುಳಿತರೆ ಮನಸ್ಸು ಹಗುರಾದದ್ದು ಅವರವರಿಗೇ ತಿಳಿಯುತ್ತದೆ. ಹಾಗಿರುವಾಗ ಜನ ಅದರ ಕಡೆ ತಿರುಗಿದ್ದರಲ್ಲಿ ಆಶ್ಚರ್ಯವಿಲ್ಲ.

ಈಗ ಆಧಾರದ ಮಾತು. ಹೃದಯದ ಬಡಿತವನ್ನಾಗಲಿ ರಕ್ತದೊತ್ತಡವನ್ನಾಗಲಿ ನಾವು ನೇರವಾಗಿ ಆಳಲಾರೆವು. ಉಸಿರು ಮಾತ್ರ ತಾನಾಗಿಯೂ ನಡೆಯುತ್ತದೆ, ನಾವು ಹೇಳಿದಂತೆಯೂ ಕೇಳುತ್ತದೆ. ಪೂರಕದಲ್ಲಿ, ಅಂದರೆ ಉಸಿರನ್ನು ಒಳಗೆ ತೆಗೆದುಕೊಳ್ಳುವಾಗ, ಹೃದಯದ ಬಡಿತ ತುಸು ಚುರುಕಾಗುತ್ತದೆ; ರೇಚಕದಲ್ಲಿ, ಅಂದರೆ ಹೊರಗೆ ಬಿಡುವಾಗ, ವೇಗಸ್ ನರದ ಹಿಡಿತ ಹೆಚ್ಚಿ ಬಡಿತ ನಿಧಾನವಾಗುತ್ತದೆ. ಸುಮ್ಮನೆ ಕುಳಿತ ವಯಸ್ಕರು ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತಾರೆ. ಅದನ್ನು ಸುಮಾರು 6ಕ್ಕೆ ಇಳಿಸಿದಾಗ, ರಕ್ತದೊತ್ತಡವನ್ನು ಸರಿದೂಗಿಸಲು ದೇಹವೇ ಇಟ್ಟುಕೊಂಡಿರುವ ಹತ್ತು ಸೆಕೆಂಡಿನ ಲಯಕ್ಕೆ ಉಸಿರಿನ ಲಯವೂ ಸೇರಿಕೊಂಡು, ಹೃದಯದ ಈ ಏರಿಳಿತ ಅತ್ಯಂತ ದೊಡ್ಡದಾಗುತ್ತದೆ. ಕುತ್ತಿಗೆಯ ಮತ್ತು ಹೃದಯದ ಬಳಿಯ ದೊಡ್ಡ ರಕ್ತನಾಳಗಳಲ್ಲಿ ಒತ್ತಡವನ್ನು ಅಳೆಯುವ ನರತುದಿಗಳು ಆಗ ಹೆಚ್ಚು ಸೂಕ್ಷ್ಮವಾಗಿ ಕೆಲಸ ಮಾಡುತ್ತವೆ.

ತಮ್ಮ ಸಂಧ್ಯಾವಂದನೆಯ ಮಾತು ಬಂದುದರಿಂದ ಒಂದು ಅಧ್ಯಯನವನ್ನು ಹೇಳಲೇಬೇಕು. ಇಟಲಿಯ ಲೂಚಿಯಾನೊ ಬೆರ್ನಾರ್ದಿ ಮತ್ತು ಸಂಗಡಿಗರು 23 ಜನರಿಂದ ಲ್ಯಾಟಿನ್ ಭಾಷೆಯ ಜಪಮಾಲೆಯ ಪ್ರಾರ್ಥನೆಯನ್ನೂ ‘ಓಂ ಮಣಿ ಪದ್ಮೇ ಹುಂ’ ಮಂತ್ರವನ್ನೂ ಹೇಳಿಸಿ, ಅದರ ಫಲಿತಾಂಶವನ್ನು 2001ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಎರಡರಲ್ಲಿಯೂ ಉಸಿರು ತಾನಾಗಿ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿದಿತ್ತು, ಎರಡರಲ್ಲಿಯೂ ಆ ನರತುದಿಗಳ ಸೂಕ್ಷ್ಮತೆ ಏರಿತ್ತು. ಬೇರೆ ಬೇರೆ ನಾಡುಗಳಲ್ಲಿ, ಬೇರೆ ಬೇರೆ ಭಾಷೆಗಳಲ್ಲಿ ಪ್ರಾರ್ಥನೆ ಕಟ್ಟಿದವರು ತಿಳಿದೋ ತಿಳಿಯದೆಯೋ ಒಂದೇ ಅಳತೆಯ ಉಸಿರಿಗೆ ಬಂದು ನಿಂತರೆಂಬುದು ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ಆತುರಪಡದೆ ಮಾಡಿದ ತಮ್ಮ ಪ್ರಾಣಾಯಾಮವೂ ಈ ಜಾತಿಗೇ ಸೇರಿದ್ದು.

ಆದರೆ ಲಾಭದ ಗಾತ್ರವನ್ನು ಹಿಗ್ಗಿಸಿ ಹೇಳಬಾರದು. ಉಸಿರಾಟದ ಅಭ್ಯಾಸ ಮತ್ತು ಮಾನಸಿಕ ಒತ್ತಡವನ್ನು ಕುರಿತ 12 ಪ್ರಯೋಗಗಳನ್ನು, ಒಟ್ಟು 785 ಜನರ ಫಲಿತಾಂಶಗಳನ್ನು, 2023ರಲ್ಲಿ ಒಟ್ಟಿಗೆ ಪರಿಶೀಲಿಸಿದಾಗ ಒತ್ತಡ ಕಡಿಮೆಯಾಗಿರುವುದು ನಿಜವೆಂದೂ, ಆ ಇಳಿಕೆ ಸಣ್ಣದರಿಂದ ಮಧ್ಯಮ ಮಟ್ಟದ್ದೆಂದೂ ಕಂಡುಬಂದಿತು. ಬೆಂಗಳೂರಿನ ನಿಮ್ಹಾನ್ಸ್ 2000ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೀವ್ರ ಖಿನ್ನತೆಯ 45 ರೋಗಿಗಳನ್ನು ಮೂರು ಗುಂಪು ಮಾಡಿ ವಿದ್ಯುತ್ ಚಿಕಿತ್ಸೆ, ಮಾತ್ರೆ ಮತ್ತು ಸುದರ್ಶನ ಕ್ರಿಯೆ ಎಂಬ ಉಸಿರಾಟದ ಅಭ್ಯಾಸಗಳನ್ನು ಹೋಲಿಸಿದ್ದರು. ಗುಣ ಕಂಡವರು ಕ್ರಮವಾಗಿ ಶೇ 93, ಶೇ 73 ಮತ್ತು ಶೇ 67. ಉಸಿರಾಟದ ಕ್ರಿಯೆ ಮಾತ್ರೆಯ ಹತ್ತಿರಕ್ಕೆ ಬಂದದ್ದು ಸಣ್ಣ ಸಂಗತಿಯಲ್ಲ. ಆದರೆ ಅವರೆಲ್ಲರೂ ಆಸ್ಪತ್ರೆಯಲ್ಲಿ ವೈದ್ಯರ ಕಣ್ಣೆದುರಿನಲ್ಲಿದ್ದ ರೋಗಿಗಳೆಂಬುದನ್ನೂ, ಗುಂಪಿಗೆ 15 ಜನ ಮಾತ್ರ ಇದ್ದರೆಂಬುದನ್ನೂ ಮರೆಯುವಂತಿಲ್ಲ.

ಪ್ರಶ್ನೆ: ಕೊರೊನಾ ಸಮಯದಲ್ಲಿ ಕೊಂಡ ಆಕ್ಸಿಮೀಟರ್ ಮನೆಯಲ್ಲಿದೆ. ಪ್ರಾಣಾಯಾಮಕ್ಕೆ ಮೊದಲು ಬೆರಳಿಗೆ ಹಾಕಿದರೆ 97 ತೋರಿಸುತ್ತದೆ, ಆಮೇಲೆ 99. ನನ್ನ ರಕ್ತದಲ್ಲಿ ಆಮ್ಲಜನಕ ಹೆಚ್ಚಾಯಿತೆಂದು ತಿಳಿಯಬಹುದೇ?
ಗೃಹಿಣಿ, ವಿಜಯನಗರ, ಮೈಸೂರು

ಉತ್ತರ: ಹೆಚ್ಚಾದದ್ದು ಲೆಕ್ಕಕ್ಕೆ ಬಾರದಷ್ಟು ಮಾತ್ರ, ತಾಯಿ. ಆರೋಗ್ಯವಂತರ ರಕ್ತದ ಹಿಮೋಗ್ಲೋಬಿನ್ ಸುಮ್ಮನೆ ಕುಳಿತಾಗಲೇ ಶೇ 95ಕ್ಕಿಂತ ಹೆಚ್ಚು ಆಮ್ಲಜನಕವನ್ನು ತುಂಬಿಕೊಂಡಿರುತ್ತದೆ. ತುಂಬಿದ ಬಿಂದಿಗೆಗೆ ಇನ್ನೆಷ್ಟು ನೀರು ಸುರಿದರೂ ಹೊರಗೇ ಹರಿಯುತ್ತದೆ. ‘ದೇಹಕ್ಕೆ ಆಮ್ಲಜನಕ ತುಂಬಿಸುವ ಅಭ್ಯಾಸ’ ಎಂದು ಯಾರಾದರೂ ಹೇಳಿದರೆ ಆ ಮಾತನ್ನು ಪಕ್ಕಕ್ಕಿಡಿ.

ನಿಧಾನ ಉಸಿರಿನ ನಿಜವಾದ ಲಾಭ ಬೇರೆ ಇದೆ, ಅದನ್ನು ಸಣ್ಣ ಲೆಕ್ಕದಿಂದ ತೋರಿಸಬಹುದು. ಒಂದು ಸಾಧಾರಣ ಉಸಿರಿನಲ್ಲಿ ಸುಮಾರು 500 ಮಿಲಿಲೀಟರ್ ಗಾಳಿ ಒಳಗೆ ಹೋಗುತ್ತದೆ. ಅದರಲ್ಲಿ ಸುಮಾರು 150 ಮಿಲಿಲೀಟರ್ ಮೂಗು, ಗಂಟಲು, ಶ್ವಾಸನಾಳಗಳಲ್ಲೇ ಉಳಿದು ಕೆಲಸಕ್ಕೆ ಬಾರದೆ ವಾಪಸಾಗುತ್ತದೆ. ನಿಮಿಷಕ್ಕೆ 15 ಬಾರಿ ಹೀಗೆ ಉಸಿರಾಡಿದರೆ 7,500 ಮಿಲಿಲೀಟರ್ ಗಾಳಿ ಎಳೆದು 5,250ನ್ನು ಉಪಯೋಗಿಸಿಕೊಂಡಂತಾಯಿತು. ಅದೇ 6 ಬಾರಿ, ಪ್ರತಿ ಸಲ ಒಂದು ಲೀಟರಿನಂತೆ ತೆಗೆದುಕೊಂಡರೆ 6,000 ಎಳೆದು 5,100 ಉಪಯೋಗವಾಗುತ್ತದೆ. ಹೆದರಿದಾಗ ನಾವು ಆಡುವ ಮೇಲುಸಿರನ್ನು ನೋಡಿ: ನಿಮಿಷಕ್ಕೆ 30 ಬಾರಿ 250ರಂತೆ ಎಳೆದರೆ ಅದೇ 7,500 ಒಳಗೆ ಹೋದರೂ ಉಪಯೋಗಕ್ಕೆ ಬರುವುದು 3,000 ಮಾತ್ರ. ಕಡಿಮೆ ದುಡಿಮೆಯಲ್ಲಿ ಅಷ್ಟೇ ಫಲ ಬರುವುದರಿಂದಲೇ ನಿಧಾನ ಉಸಿರು ಮೈಗೆ ಹಿತವೆನಿಸುತ್ತದೆ. ಆಕ್ಸಿಮೀಟರನ್ನು ಜ್ವರ, ಕೆಮ್ಮು, ದಮ್ಮು ಬಂದಾಗ ಉಪಯೋಗಿಸಲು ಎತ್ತಿಡಿ.

ಪ್ರಶ್ನೆ: ನನಗೆ 27 ವರ್ಷ, ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ. ವಿಡಿಯೊ ನೋಡಿಕೊಂಡು, ಜೋರಾಗಿ 30 ಬಾರಿ ಉಸಿರಾಡಿ ಆಮೇಲೆ ಉಸಿರು ಹಿಡಿಯುವ ಅಭ್ಯಾಸವನ್ನು ಆರಂಭಿಸಿದೆ. ಮೂರನೆಯ ಸುತ್ತಿನಲ್ಲಿ ತುಟಿ ಜುಮ್ಮೆಂದಿತು, ತಲೆ ತಿರುಗಿತು, ಕೈಬೆರಳುಗಳು ಒಂದೆಡೆ ಸೆಟೆದುಕೊಂಡವು. ವಾರಾಂತ್ಯದ ಶಿಬಿರವೊಂದರ ತರಬೇತುದಾರರು ಅದು ಒಳಗೆ ಕಟ್ಟಿಕೊಂಡಿದ್ದ ಶಕ್ತಿ ಬಿಡುಗಡೆಯಾಗುವ ಲಕ್ಷಣ, ಮುಂದುವರಿಸಿ ಎಂದರು. ಮುಂದುವರಿಸಬಹುದೇ ಸರ್?
ಹೆಬ್ಬಾಳು, ಮೈಸೂರು

ಉತ್ತರ: ಬೇಡ. ನಿಮಗೆ ಆದದ್ದು ಶಕ್ತಿಯ ಬಿಡುಗಡೆಯಲ್ಲ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕುಸಿದದ್ದರ ಫಲ. ಈ ಅನಿಲವನ್ನು ಬರಿಯ ಕಸವೆಂದು ತಿಳಿಯುವುದು ನಾವು ಶಾಲೆಯಿಂದಲೇ ಹೊತ್ತು ತಂದ ತಪ್ಪು. ರಕ್ತದ ಆಮ್ಲ ಕ್ಷಾರಗಳ ಸಮತೋಲವನ್ನು ಕಾಯುವುದು ಅದೇ, ಮಿದುಳಿನ ರಕ್ತನಾಳಗಳನ್ನು ತೆರೆದಿಡುವುದೂ ಅದೇ. ಅವಶ್ಯಕತೆಗಿಂತ ಹೆಚ್ಚು ಉಸಿರಾಡಿ ಅದನ್ನು ಹೊರದೂಡಿದರೆ ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ, ಅದರಿಂದ ತಲೆ ತಿರುಗುತ್ತದೆ. ರಕ್ತ ಕ್ಷಾರದ ಕಡೆಗೆ ವಾಲಿದಾಗ ನರಗಳಿಗೆ ಸಿಗುವ ಕ್ಯಾಲ್ಸಿಯಂ ಕಡಿಮೆಯಾಗಿ ತುಟಿ ಜುಮ್ಮೆನ್ನುತ್ತದೆ, ಬೆರಳು ಸೆಟೆಯುತ್ತದೆ. ಇಂಗಾಲದ ಡೈಆಕ್ಸೈಡ್ ಕಡಿಮೆಯಿದ್ದಾಗ ಹಿಮೋಗ್ಲೋಬಿನ್ ತನ್ನಲ್ಲಿರುವ ಆಮ್ಲಜನಕವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲವೆಂಬುದನ್ನು ಡೆನ್ಮಾರ್ಕಿನ ಕ್ರಿಶ್ಚಿಯನ್ ಬೋರ್ 1904ರಲ್ಲೇ ತೋರಿಸಿದ್ದರು. ಹೆಚ್ಚು ಉಸಿರಾಡಿದವನ ಮಿದುಳಿಗೆ ಕಡಿಮೆ ಆಮ್ಲಜನಕ ತಲಪುವುದು ಹೀಗೆ.

ನೀವು ನೋಡಿದ ವಿಡಿಯೊ ನೆದರ್ಲೆಂಡ್ಸಿನ ವಿಮ್ ಹಾಫ್ ಅವರಿಂದ ಪ್ರಸಿದ್ಧವಾದ ಕ್ರಮದ್ದೆಂದು ತೋರುತ್ತದೆ. ಅದರಲ್ಲಿ ಏನೂ ಇಲ್ಲವೆಂದು ನಾನು ಹೇಳಲಾರೆ. ಅಲ್ಲಿನ ರಾಡ್‌ಬೌಡ್ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 24 ಆರೋಗ್ಯವಂತ ಯುವಕರಿಗೆ ಬ್ಯಾಕ್ಟೀರಿಯಾದ ವಿಷದ ಅಂಶವನ್ನು ಚುಚ್ಚಿದಾಗ, ತರಬೇತಿ ಪಡೆದಿದ್ದ 12 ಜನರ ದೇಹದಲ್ಲಿ ಅಡ್ರಿನಲಿನ್ ಹೆಚ್ಚಾಗಿ, ಜ್ವರದಂಥ ಲಕ್ಷಣಗಳು ಉಳಿದವರಿಗಿಂತ ಕಡಿಮೆ ಇದ್ದವು. ಅದು ಕುತೂಹಲದ ಸಂಗತಿ. ಆದರೆ ಆ ತರಬೇತಿಯಲ್ಲಿ ಚಳಿಗೆ ಮೈಯೊಡ್ಡುವುದೂ ಧ್ಯಾನವೂ ಸೇರಿದ್ದವು, ಪ್ರಯೋಗ ನಡೆದದ್ದು ವೈದ್ಯರ ನಿಗಾದಲ್ಲಿ, ಮತ್ತು ಅದರಿಂದ ಯಾವುದೇ ಕಾಯಿಲೆ ವಾಸಿಯಾಯಿತೆಂದು ಅವರು ಹೇಳಿಲ್ಲ. ಅಪಸ್ಮಾರ, ಹೃದ್ರೋಗ, ರಕ್ತದೊತ್ತಡ, ಗಾಬರಿಯ ಕಾಯಿಲೆ ಇರುವವರು ಇಂಥ ವೇಗದ ಉಸಿರಾಟದ ಹತ್ತಿರ ಹೋಗಲೇಬಾರದು.

ಇನ್ನೊಂದು ಮಾತನ್ನು ನೀವು ಕೇಳದಿದ್ದರೂ ಹೇಳುತ್ತೇನೆ, ಏಕೆಂದರೆ ನಿಮ್ಮ ವಯಸ್ಸಿನವರು ರಜೆ ಬಂದರೆ ಬಲಮುರಿಗೋ ನಾಲೆಗೋ ಈಜಲು ಹೋಗುತ್ತೀರಿ. ವೇಗವಾಗಿ ಉಸಿರಾಡಿ ಆಮೇಲೆ ನೀರಿನೊಳಗೆ ಉಸಿರು ಹಿಡಿಯುವುದನ್ನು ಎಂದೂ ಮಾಡಬೇಡಿ. ಉಸಿರು ಬೇಕೆಂದು ನಮ್ಮನ್ನು ತಡಬಡಿಸುವಂತೆ ಮಾಡುವುದು ಮುಖ್ಯವಾಗಿ ಇಂಗಾಲದ ಡೈಆಕ್ಸೈಡಿನ ಏರಿಕೆ; ಆಮ್ಲಜನಕದ ಇಳಿಕೆ ಅಷ್ಟಾಗಿ ಎಚ್ಚರಿಸುವುದಿಲ್ಲ. ಮೊದಲೇ ಆ ಅನಿಲವನ್ನು ಹೊರಹಾಕಿದವನಿಗೆ ಯಾವ ಸೂಚನೆಯೂ ಬಾರದೆ ನೀರಿನೊಳಗೇ ಪ್ರಜ್ಞೆ ತಪ್ಪುತ್ತದೆ. ಚೆನ್ನಾಗಿ ಈಜು ಬಲ್ಲವರೂ ಹೀಗೆ ಮುಳುಗಿ ಸತ್ತಿದ್ದಾರೆ. ಸ್ನಾನದ ತೊಟ್ಟಿ, ವಾಹನ ಓಡಿಸುವಾಗಿನ ಸೀಟು, ಇವೂ ಅಂಥ ಅಭ್ಯಾಸದ ಜಾಗಗಳಲ್ಲ.

ಸಿಂಹ, ಆನೆ, ಹುಲಿಗಳನ್ನು ಮೆಲ್ಲಮೆಲ್ಲನೆ ಪಳಗಿಸುವ ಹಾಗೆ ಉಸಿರನ್ನೂ ಪಳಗಿಸಬೇಕು, ಇಲ್ಲದಿದ್ದರೆ ಅದು ಸಾಧಕನನ್ನೇ ಕೊಲ್ಲುತ್ತದೆ ಎಂದು ಹಠಯೋಗ ಪ್ರದೀಪಿಕೆ ಎಚ್ಚರಿಸುತ್ತದೆ. ಮೈಸೂರಿನವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. 750 ಕಿಲೋ ತೂಕದ ಅಂಬಾರಿಯನ್ನು ಹೊರುವ ಆನೆಗೆ ಮೊದಲ ದಿನವೇ ಅದನ್ನು ಹೊರಿಸುವುದಿಲ್ಲ. ವಾರಗಟ್ಟಲೆ ಬರಿಮೈಯಲ್ಲಿ ನಡೆಸಿ, ಆಮೇಲೆ ಮರಳಿನ ಮೂಟೆಗಳ ಭಾರವನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಾರೆ.

ಪ್ರಶ್ನೆ: ನಾನು ಐದು ತಿಂಗಳ ಗರ್ಭಿಣಿ. ಮೊದಲಿನಿಂದಲೂ ಮಾಡುತ್ತಿದ್ದ ಕಪಾಲಭಾತಿಯನ್ನು ಮುಂದುವರಿಸಬಹುದೇ?
ಶ್ರೀರಂಗಪಟ್ಟಣ

ಉತ್ತರ: ರಭಸದಿಂದ ಉಸಿರಾಡುವ ಕಪಾಲಭಾತಿ, ಭಸ್ತ್ರಿಕಾ ಎರಡನ್ನೂ ನಿಲ್ಲಿಸಿ, ಉಸಿರು ಹಿಡಿಯುವ ಕುಂಭಕವೂ ಬೇಡ. ಹಿತವಾಗಿ ಕುಳಿತು ಮೂಗಿನಿಂದ ನಿಧಾನವಾಗಿ ಉಸಿರಾಡುವುದು, ನಾಡಿಶೋಧನ, ಭ್ರಾಮರಿ ಇವುಗಳನ್ನು ದಣಿಯದಂತೆ ಮಾಡಬಹುದು. ಹೆರಿಗೆಯ ನೋವಿನ ಹೊತ್ತಿಗೆ ಉದ್ದವಾಗಿ ಉಸಿರು ಬಿಡುವ ಅಭ್ಯಾಸ ಕೈಹಿಡಿಯುತ್ತದೆ, ಈಗಿನಿಂದಲೇ ರೂಢಿಸಿಕೊಳ್ಳಿ. ತಪಾಸಣೆಗೆ ಹೋದಾಗ ನಿಮ್ಮ ಡಾಕ್ಟರಿಗೂ ತಿಳಿಸಿರಿ.

ಪ್ರಶ್ನೆ: ನನಗೆ 54 ವರ್ಷ, ಆರು ವರ್ಷದಿಂದ ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಮೂರು ತಿಂಗಳಿಂದ ದಿನಕ್ಕೆ ಅರ್ಧ ಗಂಟೆ ಅನುಲೋಮ ವಿಲೋಮ ಮಾಡುತ್ತಿದ್ದು, ಮಾಡಿದ ಮೇಲೆ ನೋಡಿದರೆ ಬಿ.ಪಿ. 126/80 ಇರುತ್ತದೆ. ಮಾತ್ರೆ ಬಿಡಬಹುದಲ್ಲವೇ?
ವ್ಯಾಪಾರಿ, ಪಾಂಡವಪುರ

ಉತ್ತರ: ಅಭ್ಯಾಸವನ್ನು ಬಿಡಬೇಡಿ, ಮಾತ್ರೆಯನ್ನೂ ಬಿಡಬೇಡಿ. ನೀವು ನೋಡುತ್ತಿರುವ 126 ಎಂಬುದು ಮಾತ್ರೆ ಮತ್ತು ಪ್ರಾಣಾಯಾಮ ಎರಡೂ ಸೇರಿ ಕೊಟ್ಟ ಸಂಖ್ಯೆ. ಅದರಲ್ಲಿ ಯಾವುದರ ಪಾಲು ಎಷ್ಟೆಂದು ಆ ಸಂಖ್ಯೆಯೇ ಹೇಳಲಾರದು. ಅದೂ ಅಲ್ಲದೆ, ಅರ್ಧ ಗಂಟೆ ಶಾಂತವಾಗಿ ಕುಳಿತೆದ್ದ ತಕ್ಷಣ ಅಳೆದರೆ ಯಾರ ಒತ್ತಡವಾದರೂ ಇಳಿದೇ ಇರುತ್ತದೆ. ಅಂಗಡಿಯಲ್ಲಿ ಗಿರಾಕಿಗಳ ನಡುವೆ ನಿಂತಿರುವಾಗ, ರಾತ್ರಿ ನಿದ್ದೆಯಲ್ಲಿ, ಬೆಳಗಿನ ಜಾವದಲ್ಲಿ ನಿಮ್ಮ ರಕ್ತನಾಳಗಳು ಎಷ್ಟು ಒತ್ತಡವನ್ನು ತಡೆದುಕೊಳ್ಳುತ್ತಿವೆ ಎಂಬುದು ಮುಖ್ಯ. ಆದ್ದರಿಂದ ಒಂದು ವಾರ, ಬೆಳಿಗ್ಗೆ ಮಾತ್ರೆಗೂ ಪ್ರಾಣಾಯಾಮಕ್ಕೂ ಮೊದಲು ಒಮ್ಮೆ ಮತ್ತು ಸಂಜೆ ಒಮ್ಮೆ, ಐದು ನಿಮಿಷ ಸುಮ್ಮನೆ ಕುಳಿತು ಅಳೆದು ಬರೆದಿಡಿ.

ನಿಧಾನ ಉಸಿರಾಟ ಮೇಲಿನ ಒತ್ತಡವನ್ನು ಕೆಲವು ಅಂಕಗಳಷ್ಟು ಇಳಿಸುತ್ತದೆಂದು ಹಲವು ಅಧ್ಯಯನಗಳು ಹೇಳಿವೆ. ಕೆಲವು ಅಂಕಗಳೆಂದರೆ ಸಣ್ಣದೆಂದು ತಿಳಿಯಬೇಡಿ. ವರ್ಷಗಟ್ಟಲೆ ಉಳಿದರೆ ಅದು ಹೃದಯಕ್ಕೂ ಮಿದುಳಿಗೂ ರಕ್ಷಣೆಯೇ. ಆದರೆ ಮಾತ್ರೆಯಿಂದ ಹತೋಟಿಗೆ ಬಂದ ಒತ್ತಡ ಮಾತ್ರೆ ನಿಲ್ಲಿಸಿದ ಮೇಲೆ ಸದ್ದಿಲ್ಲದೆ ಮೇಲೇರುತ್ತದೆ, ತಲೆನೋವು ಕೂಡ ಬರುವುದಿಲ್ಲ. ಹೀಗೆ ತಾವಾಗಿ ನಿಲ್ಲಿಸಿ ಪಾರ್ಶ್ವವಾಯು ಆದ ಮೇಲೆ ಬಂದವರನ್ನು ನಾನು ವಾರ್ಡುಗಳಲ್ಲಿ ಕಂಡಿದ್ದೇನೆ. ಅವರ ಮನೆಯವರು ಕೇಳುವ ಪ್ರಶ್ನೆಗೆ ಆಗ ಉತ್ತರ ಹೇಳುವುದು ಬಹಳ ಕಷ್ಟ. ನೀವು ಬರೆದಿಟ್ಟ ಲೆಕ್ಕವನ್ನು ನೋಡಿ ಮಾತ್ರೆಯ ಪ್ರಮಾಣ ಇಳಿಸಬಹುದೆಂದು ನಿಮ್ಮ ವೈದ್ಯರಿಗೆ ತೋರಿದರೆ ಅವರೇ ಇಳಿಸುತ್ತಾರೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳನ್ನು ಕಡಿಮೆ ಮಾಡಿದರೆ ಆ ದಿನ ಬೇಗ ಬರಬಹುದು. ನಿಮ್ಮಂಥವರಿಗೂ ಭಸ್ತ್ರಿಕಾ, ಕಪಾಲಭಾತಿ, ದೀರ್ಘ ಕುಂಭಕಗಳು ತಕ್ಕುವಲ್ಲ.

ಪ್ರಶ್ನೆ: ಮಗಳು ದ್ವಿತೀಯ ಪಿ.ಯು.ಸಿ. ಓದುತ್ತಿದ್ದಾಳೆ. ಪರೀಕ್ಷೆ ಹತ್ತಿರ ಬಂದಂತೆ ಎದೆ ಹೊಡೆದುಕೊಳ್ಳುತ್ತದೆ, ರಾತ್ರಿ ನಿದ್ದೆ ಬರುವುದಿಲ್ಲ ಎನ್ನುತ್ತಾಳೆ. ಪ್ರಾಣಾಯಾಮ ಮಾಡೆಂದರೆ ಅಷ್ಟು ಹೊತ್ತು ಕುಳಿತುಕೊಳ್ಳಲು ಆಗುವುದಿಲ್ಲವೆಂದು ಸಿಟ್ಟಾಗುತ್ತಾಳೆ.
ತಾಯಿ, ನಂಜನಗೂಡು

ಉತ್ತರ: ಅವಳಿಗೆ ಅರ್ಧ ಗಂಟೆಯ ಪಾಠ ಬೇಡ, ಐದು ನಿಮಿಷ ಸಾಕು. ನಿಟ್ಟುಸಿರನ್ನು ನಾವು ದುಃಖದ ಗುರುತೆಂದು ತಿಳಿಯುತ್ತೇವೆ. ದೇಹಕ್ಕೆ ಅದು ಅಗತ್ಯವಾದ ಕ್ರಿಯೆ. ಗಮನಕ್ಕೆ ಬಾರದಂತೆ ನಾವೆಲ್ಲರೂ ಗಂಟೆಗೆ ಹಲವು ಬಾರಿ ನಿಟ್ಟುಸಿರು ಬಿಟ್ಟು, ಮುದುಡಿಕೊಂಡ ಗಾಳಿಗೂಡುಗಳನ್ನು ಮತ್ತೆ ಬಿಡಿಸಿಕೊಳ್ಳುತ್ತಿರುತ್ತೇವೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ತಿಂಗಳು, ದಿನಕ್ಕೆ ಐದೇ ನಿಮಿಷ, ಮೂರು ಬಗೆಯ ಉಸಿರಾಟವನ್ನೂ ಧ್ಯಾನವನ್ನೂ ಹೋಲಿಸಿದಾಗ, ಬೇಕೆಂದೇ ನಿಟ್ಟುಸಿರು ಬಿಡುವ ಗುಂಪಿನವರ ಮನಸ್ಸಿನ ಉಲ್ಲಾಸ ಹೆಚ್ಚು ಸುಧಾರಿಸಿತ್ತು. ಕ್ರಮ ಇಷ್ಟೇ: ಮೂಗಿನಿಂದ ಉಸಿರು ತೆಗೆದುಕೊಂಡು, ಅದರ ಮೇಲೆ ಇನ್ನೊಂದು ಚಿಕ್ಕ ಉಸಿರನ್ನು ಸೇರಿಸಿ, ಆಮೇಲೆ ಬಾಯಿಯಿಂದ ಉದ್ದವಾಗಿ, ಆತುರವಿಲ್ಲದೆ ಬಿಡುವುದು.

ರಾತ್ರಿ ಮಲಗುವ ಮುನ್ನ ಭ್ರಾಮರಿಯನ್ನೂ ಹೇಳಿಕೊಡಿ. ಜೇನ್ನೊಣದಂತೆ ಗುಂಯ್ಗುಡುತ್ತಾ ಉಸಿರು ಬಿಡುವಾಗ ರೇಚಕ ತಾನಾಗಿ ಉದ್ದವಾಗುತ್ತದೆ, ಎಣಿಸುವ ಗೋಜು ಇರುವುದಿಲ್ಲ. ಮಕ್ಕಳಿಗೆ ಇದು ಇಷ್ಟವಾಗುವುದನ್ನು ನಾನು ಕಂಡಿದ್ದೇನೆ. ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು ಮಲಗಲಿ. ಇಷ್ಟಾಗಿಯೂ ಎರಡು ವಾರದಲ್ಲಿ ನಿದ್ದೆ ಸರಿಹೋಗದಿದ್ದರೆ, ಊಟ ಬಿಟ್ಟರೆ, ಬದುಕು ಬೇಡವೆಂಬಂಥ ಮಾತು ಬಂದರೆ ಒಂದು ದಿನವೂ ತಡಮಾಡದೆ ವೈದ್ಯರಿಗೆ ತೋರಿಸಿ. ಅದು ಉಸಿರಾಟದಿಂದ ಸರಿಪಡಿಸುವ ಹಂತವಲ್ಲ. ಅವಳು ಎಷ್ಟು ಅಂಕ ತರುತ್ತಾಳೆಂಬ ಮಾತನ್ನು ಮನೆಯಲ್ಲಿ ಕೆಲವು ವಾರ ಎತ್ತದಿದ್ದರೆ ಯಾವ ಪ್ರಾಣಾಯಾಮಕ್ಕಿಂತಲೂ ಹೆಚ್ಚು ಉಪಕಾರವಾದೀತು.

ಪ್ರಶ್ನೆ: ನಮ್ಮ ಅಪ್ಪನಿಗೆ 61 ವರ್ಷ. ಮೂವತ್ತು ವರ್ಷ ಆಲೆಮನೆಯಲ್ಲಿ ಒಲೆಯ ಮುಂದೆ ಕೆಲಸ ಮಾಡಿದ್ದಾರೆ, ಬೀಡಿ ಸೇದಿದವರಲ್ಲ. ನಾಲ್ಕು ವರ್ಷದಿಂದ ಗದ್ದೆಯ ಬದು ಹತ್ತಿದರೆ ದಮ್ಮು ಕಟ್ಟುತ್ತದೆ. ಆಸ್ಪತ್ರೆಯಲ್ಲಿ ಸಿ.ಒ.ಪಿ.ಡಿ. (ಶ್ವಾಸನಾಳಗಳು ಕಿರಿದಾಗುವ ದೀರ್ಘಕಾಲದ ಕಾಯಿಲೆ) ಎಂದು ಹೇಳಿ ಇನ್‌ಹೇಲರ್ ಕೊಟ್ಟಿದ್ದಾರೆ. ಊರಿನಲ್ಲಿ ನಡೆದ ಶಿಬಿರದಲ್ಲಿ, ಇನ್‌ಹೇಲರ್ ಬಿಟ್ಟು ದಿನಾ ಐನೂರು ಕಪಾಲಭಾತಿ ಹೊಡೆದರೆ ಶ್ವಾಸಕೋಶ ಹೊಸದಾಗುತ್ತದೆ ಎಂದರಂತೆ. ಅಪ್ಪ ಹತ್ತು ದಿನದಿಂದ ಹಾಗೇ ಮಾಡುತ್ತಿದ್ದಾರೆ, ದಮ್ಮು ಜಾಸ್ತಿಯಾಗಿದೆ. ನಾವು ಹೇಳಿದರೆ ಕೇಳುತ್ತಿಲ್ಲ. ಏನು ಮಾಡಬೇಕು?
ಮಗಳು, ಮಂಡ್ಯ ತಾಲ್ಲೂಕು

ಉತ್ತರ: ಈ ಪುಟವನ್ನು ಅವರಿಗೆ ಓದಿ ಹೇಳಿ, ತಂಗಿ, ಮತ್ತು ಇಂದೇ ಇನ್‌ಹೇಲರನ್ನು ಮತ್ತೆ ಆರಂಭಿಸಲು ಹೇಳಿ.

ಯಜಮಾನರೇ, ನಿಮ್ಮ ಕಾಯಿಲೆ ಬೀಡಿಯಿಂದ ಬಂದದ್ದಲ್ಲದಿದ್ದರೂ ಹೊಗೆಯಿಂದ ಬಂದದ್ದೇ ಇರಬೇಕು. ಕೊಪ್ಪರಿಗೆಯ ಕೆಳಗೆ ಕಬ್ಬಿನ ಸಿಪ್ಪೆ, ತರಗು ಉರಿಯುವಾಗ ಏಳುವ ಹೊಗೆಯನ್ನು ಮೂವತ್ತು ವರ್ಷ ಕುಡಿದರೆ ಶ್ವಾಸನಾಳಗಳ ಒಳಪದರ ಊದಿ ದಪ್ಪವಾಗುತ್ತದೆ, ಗಾಳಿಗೂಡುಗಳ ಗೋಡೆಗಳು ಹರಿದು ಶ್ವಾಸಕೋಶ ತನ್ನ ಹಿಗ್ಗಿ ಕುಗ್ಗುವ ಗುಣವನ್ನು ಕಳೆದುಕೊಳ್ಳುತ್ತದೆ. ಸೌದೆ ಒಲೆಯ ಮುಂದೆ ಜೀವ ಸವೆಸಿದ ಹೆಂಗಸರಲ್ಲಿಯೂ ಇದೇ ಕಾಯಿಲೆಯನ್ನು ನಾವು ನೋಡುತ್ತೇವೆ. ಹರಿದ ಗೋಡೆಗಳನ್ನು ಯಾವ ಔಷಧವೂ ಯಾವ ಪ್ರಾಣಾಯಾಮವೂ ಮತ್ತೆ ಕಟ್ಟಲಾರದು. ಉಳಿದಿರುವುದನ್ನು ಕಾಪಾಡಿಕೊಂಡು, ಅದರಲ್ಲಿಯೇ ಸುಖವಾಗಿ ಬಾಳುವ ದಾರಿಗಳು ಮಾತ್ರ ಖಂಡಿತವಾಗಿ ಇವೆ.

ನಿಮ್ಮ ಕಷ್ಟ ಗಾಳಿಯನ್ನು ಒಳಗೆ ಎಳೆದುಕೊಳ್ಳುವುದರಲ್ಲಿ ಇಲ್ಲ, ಹೊರಗೆ ಬಿಡುವುದರಲ್ಲಿದೆ. ಒಳಗೆ ಹೋದ ಗಾಳಿ ಪೂರ್ತಿ ಹೊರಬರುವ ಮೊದಲೇ ಸಡಿಲವಾದ ನಾಳಗಳು ಮುಚ್ಚಿಕೊಂಡು, ಎದೆಯಲ್ಲಿ ಹಳೆಯ ಗಾಳಿ ತುಂಬಿಯೇ ಇರುತ್ತದೆ, ಹೊಸದಕ್ಕೆ ಜಾಗವಿರುವುದಿಲ್ಲ. ಕಪಾಲಭಾತಿಯಲ್ಲಿ ಹೊಟ್ಟೆಯನ್ನು ಹೊಡೆದು ಗಾಳಿಯನ್ನು ಬಲವಂತವಾಗಿ ದೂಡಿದಾಗ ಎದೆಯೊಳಗಿನ ಒತ್ತಡ ಏರಿ ಆ ನಾಳಗಳು ಇನ್ನೂ ಬೇಗ ಮುಚ್ಚಿಕೊಳ್ಳುತ್ತವೆ. ಹತ್ತು ದಿನದಲ್ಲಿ ದಮ್ಮು ಹೆಚ್ಚಾಗಲು ಔಷಧ ಬಿಟ್ಟದ್ದು ಒಂದು ಕಾರಣವಾದರೆ ಇದು ಇನ್ನೊಂದು. ಶ್ವಾಸಕೋಶ ತೂತುಬಿದ್ದು ಗಾಳಿ ಎದೆಗೂಡಿಗೆ ಸೋರುವ ಅಪಾಯವೂ ಇದೆ. 29 ವರ್ಷದ ಮಹಿಳೆಯೊಬ್ಬರಿಗೆ ಕಪಾಲಭಾತಿಯಿಂದ ಹೀಗಾದ ಪ್ರಕರಣ 2004ರಲ್ಲಿ ಎದೆರೋಗದ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದೆ. ಅಂಥ ಪ್ರಕರಣಗಳು ಬಹಳ ಅಪರೂಪ. ಆದರೆ ನಿಮ್ಮ ಶ್ವಾಸಕೋಶ ಈಗಾಗಲೇ ಸೋತಿರುವುದರಿಂದ ನಿಮಗೆ ಭಯ ಹೆಚ್ಚು. ಅಂದಹಾಗೆ, ಹಠಯೋಗದ ಹಳೆಯ ಗ್ರಂಥಗಳು ಕಪಾಲಭಾತಿಯನ್ನು ಸೇರಿಸಿರುವುದು ಶುದ್ಧಿಕ್ರಿಯೆಗಳಲ್ಲಿ, ಪ್ರಾಣಾಯಾಮಗಳಲ್ಲಿ ಅಲ್ಲ.

ನಿಮಗೆ ತಕ್ಕ ಉಸಿರಾಟ ಬೇರೆ ಇದೆ, ಆಸ್ಪತ್ರೆಗಳಲ್ಲಿ ನಾವೇ ಅದನ್ನು ಕಲಿಸುತ್ತೇವೆ. ಬಾಯಿ ಮುಚ್ಚಿ ಮೂಗಿನಿಂದ ಎರಡು ಎಣಿಸುವಷ್ಟು ಹೊತ್ತು ಉಸಿರು ತೆಗೆದುಕೊಳ್ಳಿ. ಬಿಸಿ ಕಾಫಿಯನ್ನು ಆರಿಸಲು ಊದುವಾಗ ತುಟಿಗಳನ್ನು ಹೇಗೆ ಕೂಡಿಸುತ್ತೀರೋ ಹಾಗೆ ಕೂಡಿಸಿ, ನಾಲ್ಕು ಎಣಿಸುವಷ್ಟು ಹೊತ್ತು ಮೆಲ್ಲಗೆ ಬಿಡಿ. ದೂಡಬೇಡಿ, ಬಿಡಿ. ತುಟಿಯ ಸಣ್ಣ ಸಂದಿನಿಂದ ಗಾಳಿ ಹೋಗುವಾಗ ನಾಳಗಳೊಳಗೆ ಹಿಮ್ಮುಖವಾಗಿ ತುಸು ಒತ್ತಡ ಉಳಿದು ಅವು ಮುಚ್ಚದಂತೆ ತಡೆಯುತ್ತದೆ. ಮೆಟ್ಟಿಲು ಹತ್ತುವಾಗ, ಬದು ಏರುವಾಗ, ಬಿಂದಿಗೆ ಎತ್ತುವಾಗ, ಶ್ರಮದ ಗಳಿಗೆಯಲ್ಲಿಯೇ ಉಸಿರು ಬಿಡುವುದನ್ನು ರೂಢಿ ಮಾಡಿಕೊಳ್ಳಿ. ದಿನವೂ ಸಮನೆಲದ ಮೇಲೆ ನಡೆಯಿರಿ. ದಮ್ಮು ಬಂದರೆ ನಿಂತು ಮತ್ತೆ ನಡೆಯಿರಿ. ಕಾಲಿನ ಸ್ನಾಯುಗಳು ಬಲವಾದಷ್ಟೂ ಅವು ಕೇಳುವ ಉಸಿರು ಕಡಿಮೆಯಾಗುತ್ತದೆ. ಗದ್ದೆಯಲ್ಲಿ ತರಗು ಸುಡುವ ದಿನ ಮನೆಯೊಳಗಿರಿ, ಆಲೆಮನೆಯ ಕಡೆ ಮಾತಾಡಿಸಲೆಂದೂ ಹೋಗಬೇಡಿ.

ಇನ್‌ಹೇಲರ್ ಒಮ್ಮೆ ಹಿಡಿದರೆ ಚಟವಾಗುತ್ತದೆ ಎಂಬ ಭಯ ನಮ್ಮ ಹಳ್ಳಿಗಳಲ್ಲಿ ಬಹಳ ಇದೆ. ಅದು ಚಟವಲ್ಲ. ಮಾತ್ರೆಯಲ್ಲಿ ನುಂಗುವ ಔಷಧಕ್ಕಿಂತ ಎಷ್ಟೋ ಪಾಲು ಕಡಿಮೆ ಔಷಧವನ್ನು ಬೇಕಾದ ಜಾಗಕ್ಕೇ ತಲಪಿಸುವ ಸಾಧನ ಅದು. ಬೆಂಗಳೂರಿನ ಯೋಗ ಸಂಶೋಧಕರಾದ ನಾಗರತ್ನ ಮತ್ತು ನಾಗೇಂದ್ರ ಅವರು 53 ಆಸ್ತಮಾ ರೋಗಿಗಳಿಗೆ ಯೋಗ ಕಲಿಸಿ, ಕಲಿಯದವರ ಜೊತೆ ಹೋಲಿಸಿ, 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಉಬ್ಬಸದ ಬಾರಿಗಳೂ ಔಷಧದ ಅಗತ್ಯವೂ ಕಡಿಮೆಯಾಗಿದ್ದವು. ಅದು ಆಸ್ತಮಾ, ನಿಮ್ಮದು ಬೇರೆ ಕಾಯಿಲೆ. ಅಲ್ಲಿಯೂ ಅಗತ್ಯ ಕಡಿಮೆಯಾದ ಮೇಲೆ ಔಷಧ ಇಳಿಯಿತೇ ಹೊರತು ಔಷಧ ಬಿಟ್ಟದ್ದರಿಂದ ಗುಣವಾದದ್ದಲ್ಲ.

ತಂಗಿ, ಅಪ್ಪನಿಗೆ ಒಂದು ವಾಕ್ಯವನ್ನು ಪೂರ್ತಿಯಾಗಿ ಹೇಳಲಾಗದಷ್ಟು ದಮ್ಮು ಬಂದರೆ, ತುಟಿ ಉಗುರು ನೀಲಿಯಾದರೆ, ಹೊತ್ತಲ್ಲದ ಹೊತ್ತಿನಲ್ಲಿ ಮಂಪರು ಬಂದರೆ ಕೂಡಲೇ 108ಕ್ಕೆ ಕರೆ ಮಾಡಿ. ಹಾಗಿಲ್ಲದಿದ್ದರೂ ಈ ವಾರದೊಳಗೆ ಮಂಡ್ಯದ ಜಿಲ್ಲಾ ಆಸ್ಪತ್ರೆಗೋ, ಮೈಸೂರಿನ ಕೆ.ಆರ್.ಎಸ್. ರಸ್ತೆಯಲ್ಲಿರುವ ಪಿ.ಕೆ. ಸ್ಯಾನಟೋರಿಯಂಗೋ ಕರೆದುಕೊಂಡು ಹೋಗಿ. ಸ್ಪೈರೋಮೆಟ್ರಿ ಎಂಬ ಊದುವ ಪರೀಕ್ಷೆ ಹಿಂದೆ ಆಗಿರದಿದ್ದರೆ ಮಾಡಿಸಿ. ಎರಡು ವಾರ ದಾಟಿದ ಕೆಮ್ಮು ಇದ್ದರೆ ಕಫದ ಪರೀಕ್ಷೆಯನ್ನೂ ಕೇಳಿ. ಹೋಗುವಾಗ ಇನ್‌ಹೇಲರನ್ನು ಜೊತೆಗೇ ಕೊಂಡೊಯ್ದು, ಅಪ್ಪ ಅದನ್ನು ಹೇಗೆ ಎಳೆದುಕೊಳ್ಳುತ್ತಾರೆಂಬುದನ್ನು ವೈದ್ಯರ ಮುಂದೆಯೇ ಮಾಡಿ ತೋರಿಸಲು ಹೇಳಿ. ನನ್ನ ಬಳಿ ಬರುವ ಎಷ್ಟೋ ಜನರಿಗೆ ಔಷಧ ಗಂಟಲಿನಲ್ಲೇ ಉಳಿಯುತ್ತಿರುತ್ತದೆ. ನಾಲಿಗೆಯನ್ನು ಕೆಳಗಿಟ್ಟು, ಒತ್ತಿದ ಗಳಿಗೆಯಲ್ಲೇ ನಿಧಾನವಾಗಿ ಒಳಗೆಳೆದು, ಹತ್ತು ಎಣಿಸುವವರೆಗೆ ಹಿಡಿದು ಬಿಡುವುದನ್ನು ಕಲಿತ ಮೇಲೆ ಅದೇ ಔಷಧದಿಂದ ಅವರಿಗೆ ರಾತ್ರಿ ಮಲಗಿ ನಿದ್ದೆ ಮಾಡಲು ಸಾಧ್ಯವಾಗಿದೆ.